ಕಡಲ ದಡದ ಮೂರು ಪ್ರಶ್ನೆಗಳು

ಕಡಲ ಮಗ್ಗುಲಲ್ಲೇ ಬೆಳೆದವರು ಕಡಲನ್ನು ಪ್ರಶ್ನಿಸುವುದು ಕಡಿಮೆ. ಕೇಳುವವರು ಮಕ್ಕಳು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ನೋಡಲು ಕಾರ್ಕಳದಿಂದ ಬಸ್ಸು ಹತ್ತಿ ಬಂದ ಶಾಲಾ ಹುಡುಗಿಯ ಪ್ರಶ್ನೆಯೂ ಸಾಗರವಿಜ್ಞಾನಿಯ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ. ವಿಜ್ಞಾನಿ ಉತ್ತರ ಸಿಗುವವರೆಗೆ ಬಿಡುವುದಿಲ್ಲ, ಅಷ್ಟೇ.

ಇಷ್ಟೊಂದು ಉಪ್ಪು ಎಲ್ಲಿಂದ ಬಂತು? ಕಾರ್ಕಳದ ಕಡೆಯಿಂದಲೂ ಬಂತು ಎಂದರೆ ಅವಳಿಗೆ ನಗು ಬಂದೀತು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲವಾಗುತ್ತದೆ. ಘಟ್ಟದ ಬಂಡೆಗಳನ್ನು ನಿಧಾನವಾಗಿ ಕರಗಿಸುತ್ತದೆ. ಆ ಲವಣಗಳನ್ನು ಸ್ವರ್ಣಾ ನದಿ ಕಡಲಿಗೆ ಒಯ್ಯುತ್ತದೆ. ಉಡುಪಿ, ಮಣಿಪಾಲದ ನಲ್ಲಿಗಳಲ್ಲಿ ಬರುವುದೂ ಇದೇ ನದಿಯ ನೀರು. ಅದರಲ್ಲಿನ ಲವಣ ನಾಲಿಗೆಗೆ ತಿಳಿಯದಷ್ಟು ಅಲ್ಪ. ಸಮುದ್ರತಳದ ಜ್ವಾಲಾಮುಖಿಗಳೂ ತಮ್ಮ ಪಾಲು ಸೇರಿಸುತ್ತವೆ. ಕಡಲ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಕೋಟ್ಯಂತರ ವರ್ಷಗಳ ಈ ಜಮೆಯಿಂದ ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ.

ಭರತ ನಿನ್ನೆಯ ಹೊತ್ತಿಗೇ ಇಂದೂ ಏಕೆ ಬರುವುದಿಲ್ಲ? ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತುಸು ಮುಂದೆ ಸರಿದಿರುತ್ತಾನೆ. ಅವನನ್ನು ಹಿಡಿಯಲು ಭೂಮಿಗೆ ಮತ್ತೆ ಸುಮಾರು 50 ನಿಮಿಷ ಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯನ ಸೆಳೆತವೂ ಕೂಡಿ ಉಬ್ಬರ ಹೆಚ್ಚುತ್ತದೆ. ಹಿರಿಯ ಮೀನುಗಾರರು ತಿಥಿ ಎಣಿಸಿ ತಿಳಿಯುತ್ತಿದ್ದುದನ್ನು ವಿಜ್ಞಾನಿ ಅಳತೆಪಟ್ಟಿ ಹಿಡಿದು ತಿಳಿಯುತ್ತಾನೆ. 1966ರಲ್ಲಿ ಆರಂಭವಾದ, ಗೋವಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಹಡಗಿನಲ್ಲಿ ತಿರುಗಿ ನೀರಿನ ಬಿಸಿ, ಉಪ್ಪು, ಹರಿವುಗಳನ್ನು ಅಳೆಯುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಅಲೆಗಳ ಮುನ್ಸೂಚನೆಯನ್ನೂ, ಮೀನು ಸಿಗಬಹುದಾದ ಜಾಗಗಳ ಸೂಚನೆಯನ್ನೂ ಮೀನುಗಾರರಿಗೆ ಕೊಡುತ್ತದೆ.

ಮೂರನೆಯದು ಪ್ರಾಣದ ಪ್ರಶ್ನೆ: ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗ ಕ್ಷೇಮವೇ? ರಜೆಯ ದಿನ ಕಡಲಿಗಿಳಿಯುವ ವಿದ್ಯಾರ್ಥಿಗಳು ಮೋಸಹೋಗುವುದು ಇಲ್ಲಿಯೇ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲು ದಾರಿ ಬೇಕಲ್ಲ? ಎಷ್ಟೋ ಸಲ ಆ ಶಾಂತ ಪಟ್ಟಿಯೇ ಅದರ ದಾರಿ. ಅಲ್ಲಿನ ಸೆಳವು ಮನುಷ್ಯನನ್ನು ಹೊರಕ್ಕೆ ಒಯ್ಯುತ್ತದೆ. ನೇರ ದಡದತ್ತ ಈಜಿದರೆ ಒಳ್ಳೆಯ ಈಜುಗಾರನೂ ಸೋಲುತ್ತಾನೆ. ಹೆದರದೆ ತೇಲಬೇಕು, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಪಕ್ಕಕ್ಕೆ ಸರಿಯಬೇಕು, ಬಳಿಕ ದಡದತ್ತ ತಿರುಗಬೇಕು. ಆಗದಿದ್ದರೆ ತೇಲುತ್ತಲೇ ಕೈ ಬೀಸಿ ಕೂಗಬೇಕು.

ಈ ಪಾಠ ಪರೀಕ್ಷೆಗೆ ಬರಲಿಕ್ಕಿಲ್ಲ. ಆದರೆ ನೀರಿಗಿಳಿಯುವ ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ಅಲೆ ನೋಡುವ, ಜೀವರಕ್ಷಕರನ್ನು ಒಂದು ಮಾತು ಕೇಳುವ ಅಭ್ಯಾಸವನ್ನು ತಂದೆತಾಯಂದಿರು ಮಕ್ಕಳಿಗೆ ಕಲಿಸಬಹುದು. ಸಾಗರವಿಜ್ಞಾನ ಆರಂಭವಾಗುವುದೂ ಹಾಗೆ ನಿಂತು ನೋಡುವುದರಿಂದಲೇ.