ಎಂಟು ದೊಡ್ಡದೋ, ಆರು ಸಾವಿರ ದೊಡ್ಡದೋ?

ಬ್ಯಾಟರಿಗಳ ಮೈಮೇಲೆ ಬರೆದಿರುವುದನ್ನೆಲ್ಲ ಓದುವುದು ನನಗೊಂದು ಚಟ. ಮೊಬೈಲ್ ಫೋನಿನ ಡಬ್ಬಿಯ ಮೇಲೆ 5000 ಎಂಎಎಚ್ ಎಂದಿರುತ್ತದೆ. ಮನೆಯ ಯುಪಿಎಸ್‌ಗೆ ಜೋಡಿಸುವ, ಒಬ್ಬರಿಂದ ಎತ್ತಲಾಗದ ಬ್ಯಾಟರಿಯ ಮೇಲೆ ಬರೀ 150 ಎಎಚ್! ಅಂಗೈಯಲ್ಲಿ ಹಿಡಿಸುವುದಕ್ಕೆ 5000, ಮೂಲೆಯಲ್ಲಿ ಕುಳಿತ ದೈತ್ಯನಿಗೆ 150. ಇದೇನು ವಿಚಿತ್ರ ಎಂದು ನಿಮಗೂ ಅನಿಸಿರಬಹುದು.

ಮಕ್ಕಳೇ, ಅಂಕೆಯ ಪಕ್ಕದ ಅಕ್ಷರಗಳನ್ನೂ ಓದಬೇಕು. ಎಎಚ್ ಎಂದರೆ ಆಂಪೇರ್-ಗಂಟೆ. 1 ಆಂಪೇರ್ ವಿದ್ಯುತ್ ಪ್ರವಾಹ ಒಂದು ಗಂಟೆ ಕಾಲ ಹರಿದರೆ ಎಷ್ಟು ವಿದ್ಯುದಾವೇಶ ಸಾಗುತ್ತದೆಯೋ, ಅಷ್ಟು. ಎಂಎಎಚ್‌ನಲ್ಲಿ ಮೊದಲು ಬರುವ ‘ಎಂ’ ಎಂದರೆ ಮಿಲಿ, ಅಂದರೆ ಸಾವಿರದಲ್ಲಿ ಒಂದು ಪಾಲು. ಮಿಲಿಮೀಟರ್, ಮಿಲಿಲೀಟರ್‌ಗಳಲ್ಲಿ ನೀವು ಕಂಡ ಮಿಲಿಯೇ ಇದು. ಹಾಗಾಗಿ 5000 ಎಂಎಎಚ್ ಎಂದರೆ 5 ಎಎಚ್ ಅಷ್ಟೆ.

ಒಮ್ಮೆ ನಮ್ಮ ಚಿಕ್ಕಪ್ಪನ ಔಷಧಿ ಹೊಡೆಯುವ ಬ್ಯಾಟರಿ ಪಂಪು ಕೈಕೊಟ್ಟಿತು. ಮೆಣಸಿನ ಗಿಡಗಳಿಗೆ ಹುಳು ಬಿದ್ದಿದ್ದ ಸಮಯ. ಹೊಸ ಬ್ಯಾಟರಿ ತರಲು ಇಬ್ಬರೂ ಪೇಟೆಗೆ ಹೋದೆವು. ಹಳೆಯದು 12 ವೋಲ್ಟ್, 8 ಎಎಚ್. ಅಂಗಡಿಯವರು ಪುಟ್ಟದೊಂದನ್ನು ಮುಂದಿಟ್ಟು, “ಯಜಮಾನ್ರೇ, ನಿಮ್ಮದು ಬರೀ ಎಂಟು. ಇದು ಆರು ಸಾವಿರ!” ಎಂದರು. ಬೆಲೆಯೂ ಜಾಸ್ತಿ. ಚಿಕ್ಕಪ್ಪ ಜೇಬಿಗೆ ಕೈಹಾಕಿಯೇ ಬಿಟ್ಟರು.

“ತಾಳಿ ಚಿಕ್ಕಪ್ಪ” ಎಂದು ನಾನು ಬ್ಯಾಟರಿಯನ್ನು ತಿರುಗಿಸಿ ನೋಡಿದೆ. 12 ವೋಲ್ಟ್, 6000 ಎಂಎಎಚ್. ಅಂದರೆ 6 ಎಎಚ್! ಪಂಪಿನ ಮೋಟಾರು 2 ಆಂಪೇರ್ ಎಳೆಯುತ್ತದೆ ಎಂದುಕೊಳ್ಳಿ. ಲೆಕ್ಕದ ಪ್ರಕಾರ 8 ಎಎಚ್ ಬ್ಯಾಟರಿ 4 ಗಂಟೆ ಓಡಿಸಿದರೆ, ಇದು 3 ಗಂಟೆ. “ಹಂಗಾದ್ರೆ ಕೊನೇ ಸಾಲು ಹಂಗೇ ಉಳೀತಾವಲ್ಲೋ” ಎನ್ನುತ್ತ ಚಿಕ್ಕಪ್ಪ 8 ಎಎಚ್‌ನದನ್ನೇ ಕೊಂಡರು. ಪುಟ್ಟದು ಬಲು ಹಗುರವಾಗಿತ್ತು, ನಿಜ. ಬೆನ್ನ ಮೇಲೆ ಹೊರುವವರಿಗೆ ಅದೂ ಸಣ್ಣ ಮಾತಲ್ಲ. ಆದರೆ ಅಂಗಡಿಯವರು ಹೇಳಿದ್ದು ಅದನ್ನಲ್ಲವಲ್ಲ!

ವಿಜ್ಞಾನದಲ್ಲಿ ವಿದ್ಯುದಾವೇಶದ ಮಾನ ಕೂಲಂಬ್. ಇದು ಫ್ರಾನ್ಸಿನ ವಿಜ್ಞಾನಿ ಚಾರ್ಲ್ಸ್ ಅಗಸ್ಟಿನ್ ಕೂಲಂಬ್ (1736-1806) ಅವರ ಹೆಸರು. ತೆಳು ತಂತಿಯೊಂದು ಎಷ್ಟು ತಿರುಚಿಕೊಳ್ಳುತ್ತದೆಂದು ಅಳೆದು, ಆವೇಶಗಳ ನಡುವಿನ ಬಲ ದೂರಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆಂದು 1785ರಲ್ಲಿ ತಿಳಿಸಿದವರು ಇವರೇ. 1 ಆಂಪೇರ್ ಪ್ರವಾಹದಲ್ಲಿ ಸೆಕೆಂಡಿಗೆ 1 ಕೂಲಂಬ್ ಆವೇಶ ಸಾಗುತ್ತದೆ. ಒಂದು ಗಂಟೆಗೆ 3600 ಸೆಕೆಂಡು. ಆದ್ದರಿಂದ 1 ಎಎಚ್ ಎಂದರೆ 3600 ಕೂಲಂಬ್; 1 ಎಂಎಎಚ್ ಎಂದರೆ 3.6 ಕೂಲಂಬ್. ಫೋನಿನದು 5 × 3600 = 18,000 ಕೂಲಂಬ್, ಯುಪಿಎಸ್ ಬ್ಯಾಟರಿಯದು 150 × 3600 = 5,40,000 ಕೂಲಂಬ್. ಈಗ ದೈತ್ಯ ದೈತ್ಯನಂತೆಯೇ ಕಾಣುತ್ತಾನೆ! ಅಂಗಡಿಯಲ್ಲಿ ‘ಇದು ಎಷ್ಟು ಕೂಲಂಬ್?’ ಎಂದು ಕೇಳಿದರೆ ಮಾತ್ರ ಮಿಕಮಿಕ ನೋಡುತ್ತಾರೆ.

ಇನ್ನೊಂದು ವಿಷಯ. ಅಂದು ಅಂಗಡಿಯಲ್ಲಿದ್ದ ಎರಡೂ 12 ವೋಲ್ಟಿನವು. ಹಾಗಾಗಿ ಎಎಚ್‌ಗಳನ್ನು ನೇರವಾಗಿ ಹೋಲಿಸಲು ಆಯಿತು. ಫೋನಿನ ಬ್ಯಾಟರಿ ಸುಮಾರು 3.7 ವೋಲ್ಟಿನದು, ಯುಪಿಎಸ್‌ನದು 12. ವೋಲ್ಟ್ ಬೇರೆಯಾದಾಗ ಎಎಚ್ ಅನ್ನು ವೋಲ್ಟಿನಿಂದ ಗುಣಿಸಬೇಕು. ಆಗ ಸಿಗುವುದು ಶಕ್ತಿ, ಅದರ ಮಾನ ವ್ಯಾಟ್-ಗಂಟೆ. ಫೋನಿನದು 18.5, ಯುಪಿಎಸ್ ಬ್ಯಾಟರಿಯದು 1800. ಆವೇಶದಲ್ಲಿ 30 ಪಟ್ಟು ಇದ್ದದ್ದು ಶಕ್ತಿಯಲ್ಲಿ ಸುಮಾರು 97 ಪಟ್ಟಾಯಿತು!

ಪವರ್ ಬ್ಯಾಂಕ್ ಒಂದರ ಮೇಲೆ 10000 ಎಂಎಎಚ್, 3.7 ವೋಲ್ಟ್ ಎಂದು ಬರೆದಿದೆ. ಚಿಕ್ಕಪ್ಪನ 8 ಎಎಚ್ ಬ್ಯಾಟರಿಗಿಂತ ಅದರಲ್ಲಿ ಆವೇಶ ಹೆಚ್ಚೋ ಕಡಿಮೆಯೋ? ಶಕ್ತಿ? ಲೆಕ್ಕ ಹಾಕಿ ನೋಡಿ.