ಬಿಸಿಲಿನ ಬುತ್ತಿ ಕಟ್ಟಿಕೊಂಡು ಉಳವಿಗೆ

ಕಲ್ಯಾಣದಿಂದ ಉಳವಿಯವರೆಗೆ ಶರಣರು ಸಾಗಿದ ದಾರಿಯನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ನಮ್ಮ ತಾಯಿಯವರ ಬಹುದಿನಗಳ ಹಂಬಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ತರುವಾಯ ಚೆನ್ನಬಸವಣ್ಣನವರೂ ಅಕ್ಕ ನಾಗಮ್ಮನವರೂ ಶರಣ ಸಮೂಹದೊಡನೆ ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಪಶ್ಚಿಮದ ಕಾಡಿನತ್ತ ಸಾಗಿದರೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆದರೆ ತಾಯಿಯವರಿಗೆ 76 ವರ್ಷ. ದಿನಕ್ಕೆರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳಬೇಕು. ನಸುಕಿನಲ್ಲಿ ಸ್ನಾನ ಮಾಡಿ ಇಷ್ಟಲಿಂಗಪೂಜೆ ಮುಗಿಸದೆ ಏನನ್ನೂ ಮುಟ್ಟುವವರಲ್ಲ. ವಸತಿಗೃಹಗಳ ಕೋಣೆಗಳು ಅವರ ಮನಸ್ಸಿಗೆ ಒಗ್ಗವು. ಹೀಗಾಗಿ ಹಳೆಯದೊಂದು ಟೆಂಪೋ ಟ್ರಾವೆಲರ್ ಕೊಂಡು, ಸಾರಿಗೆ ಕಚೇರಿಯ ಅನುಮತಿ ಪಡೆದು, ಆಸನಗಳನ್ನು ತೆಗೆಸಿ, ಎರಡು ಮಂಚ, ಒಂದು ಅಡುಗೆಕಟ್ಟೆ, ಪೂಜೆಗೊಂದು ಮೂಲೆ ಮಾಡಿಸಿದೆವು. ಉಳಿದ ಪ್ರಶ್ನೆ ವಿದ್ಯುತ್ತಿನದು. ಬಳಸದೆ ಉಳಿದ ಇನ್ಸುಲಿನ್ ಪೆನ್ನುಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲೂಬಾರದು. ಹತ್ತು ದಿನಗಳ ದಾರಿಯಲ್ಲಿ ಫ್ರಿಜ್ಜು ನಿಂತರೆ ಯಾತ್ರೆಯೂ ನಿಂತಂತೆಯೇ.

ವಾಹನದ ನೆತ್ತಿಯ ಮೇಲೆ 200 ವ್ಯಾಟಿನ ಎರಡು ಸೌರಫಲಕಗಳನ್ನು ಕೂರಿಸಿದೆವು. ಬ್ಯಾಟರಿಯ ವಿಷಯದಲ್ಲಿ ಮನೆಯಲ್ಲಿ ವಾದವೇ ನಡೆಯಿತು. ಇನ್ವರ್ಟರಿಗೆ ಬಳಸುವ ಸೀಸ-ಆಮ್ಲದ ಬ್ಯಾಟರಿ ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ. ಆದರೆ 150 ಆಂಪಿಯರ್-ಗಂಟೆಯದು 50 ಕಿಲೋ ಮೀರಿ ತೂಗುತ್ತದೆ, ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತಿದ್ದರೆ ಬೇಗ ಸೊರಗುತ್ತದೆ, ಚಾರ್ಜ್ ಆಗುವಾಗ ಅದರಿಂದ ಹೊತ್ತಿಕೊಳ್ಳಬಲ್ಲ ಅನಿಲವೂ ಹೊರಡುತ್ತದೆ. ಮಲಗುವ ಜಾಗದಲ್ಲಿ ಅದನ್ನು ಇಟ್ಟುಕೊಳ್ಳಲು ನಮಗೆ ಧೈರ್ಯವಾಗಲಿಲ್ಲ. ಬೆಲೆ ಹೆಚ್ಚಾದರೂ 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನೇ ಕೊಂಡೆವು. ಅದರ ತೂಕ ಸುಮಾರು 12 ಕಿಲೋ. ತುಂಬಿದಾಗ ಅದರಲ್ಲಿರುವುದು 1280 ವ್ಯಾಟ್-ಗಂಟೆ, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ಒಂದೂಕಾಲು ಯೂನಿಟ್ಟು. ಮನೆಯಲ್ಲಿ ಗೀಸರು ಇಷ್ಟನ್ನು ಮುಕ್ಕಾಲು ಗಂಟೆಯೊಳಗೆ ನುಂಗಿಬಿಡುತ್ತದೆ! ಸ್ನಾನದ ನೀರಿಗೂ ಅಡುಗೆಗೂ ಗ್ಯಾಸಿನ ಒಲೆಯೇ ಎಂದು ಅಂದೇ ನಿಶ್ಚಯಿಸಿದೆವು. ಬ್ಯಾಟರಿಯಿಂದಲೇ ನೇರವಾಗಿ ನಡೆಯುವ 40 ಲೀಟರಿನ ಫ್ರಿಜ್ಜಿಗೆ ದಿನಕ್ಕೆ 400, ಎರಡು ಸಣ್ಣ ಫ್ಯಾನುಗಳಿಗೆ 200, ದೀಪಗಳಿಗೆ 80, ನಮ್ಮ ಫೋನುಗಳಿಗೆ 60 ವ್ಯಾಟ್-ಗಂಟೆ ಎಂದು ಮಗ ಚೀಟಿಯೊಂದರಲ್ಲಿ ಬರೆದು ಅಡುಗೆಕಟ್ಟೆಯ ಮೇಲೆ ಅಂಟಿಸಿದ.

2024ರ ಫೆಬ್ರುವರಿಯಲ್ಲಿ, ಭಾರತ ಹುಣ್ಣಿಮೆಗೆ ಒಂದು ವಾರವಿರುವಾಗ, ಬಸವಕಲ್ಯಾಣದ ಪರುಷಕಟ್ಟೆಗೆ ಶರಣೆಂದು ಹೊರಟೆವು. ಮೊದಲ ಮಧ್ಯಾಹ್ನವೇ, ಕಮಲಾಪುರ ದಾಟಿದೊಡನೆ, ಒಳಗೆಲ್ಲ ಸುಟ್ಟ ರಬ್ಬರಿನ ವಾಸನೆ. ವಾಹನ ನಿಲ್ಲಿಸಿ ಮಂಚದ ಹಲಗೆ ಎತ್ತಿ ನೋಡಿದರೆ, ಕಂಟ್ರೋಲರಿನಿಂದ ಬ್ಯಾಟರಿಗೆ ಹೋಗುವ ತಂತಿಯ ಹೊದಿಕೆ ಮೆತ್ತಗಾಗಿ ಜೋತುಬಿದ್ದಿತ್ತು. ಕೂರಿಸಿಕೊಟ್ಟ ಅಂಗಡಿಯವರು ಮನೆಯ ವೈರಿಂಗಿನ 2.5 ಚದರ ಮಿಲಿಮೀಟರ್ ತಂತಿಯನ್ನೇ ಎಳೆದಿದ್ದರು. ತುದಿಯ ಲಗ್ಗುಗಳು ಸಡಿಲ. ಬ್ಯಾಟರಿಯ ಬಳಿ ಫ್ಯೂಸ್ ಇರಲೇ ಇಲ್ಲ. ಆ ಮಂಚದ ಮೇಲೆಯೇ ತಾಯಿಯವರು ಮಲಗಿದ್ದರೆಂಬುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಕಲಬುರಗಿಯ ಗ್ಯಾರೇಜೊಂದರಲ್ಲಿ ಹಿರಿಯ ಮೆಕ್ಯಾನಿಕ್ಕರೊಬ್ಬರು ಇದರ ಮರ್ಮವನ್ನು ತಿಳಿಸಿಕೊಟ್ಟರು. ಮನೆಯ 230 ವೋಲ್ಟಿನಲ್ಲಿ 300 ವ್ಯಾಟ್ ಸಾಗಿಸಲು ಒಂದೂವರೆ ಆಂಪಿಯರೂ ಬೇಡ. ಬ್ಯಾಟರಿಯ 13 ವೋಲ್ಟಿನಲ್ಲಿ ಅದೇ 300 ವ್ಯಾಟಿಗೆ 23 ಆಂಪಿಯರ್ ಹರಿಯಬೇಕು. ಇಳಿಜಾರು ಕಡಿಮೆಯಿದ್ದಲ್ಲಿ ಅಷ್ಟೇ ನೀರು ಹಾಯಲು ಕಾಲುವೆ ಅಗಲವಾಗಿರಬೇಡವೇ ಎಂದರು. 16 ಚದರ ಮಿಲಿಮೀಟರಿನ ತಂತಿ ಹಾಕಿ, ಲಗ್ಗುಗಳನ್ನು ಒತ್ತಿ ಬಿಗಿದು, ಬ್ಯಾಟರಿಯಿಂದ ಗೇಣುದ್ದದೊಳಗೆ 40 ಆಂಪಿಯರಿನ ಫ್ಯೂಸ್ ಕೂರಿಸಿದರು. ವಾಹನದಲ್ಲಿ ಇಂಥ ವ್ಯವಸ್ಥೆ ಮಾಡಿಸುವ ಬಂಧುಗಳು ಬೇರೆಲ್ಲ ಮರೆತರೂ ಈ ತಂತಿಯನ್ನೂ ಫ್ಯೂಸನ್ನೂ ಕಣ್ಣಾರೆ ನೋಡಿಯೇ ಹಣ ಕೊಡಬೇಕು.

ವಿಜಯಪುರ, ಬಸವನ ಬಾಗೇವಾಡಿ, ಕೂಡಲಸಂಗಮಗಳ ಬಯಲಿನಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ 400 ವ್ಯಾಟಿನ ಫಲಕಗಳು ನಡುಹಗಲಿನಲ್ಲಿ 310 ದಾಟಿದ್ದನ್ನು ನಾವು ಕಾಣಲಿಲ್ಲ. ಫಲಕ ಕಾದಷ್ಟೂ ಅದರ ಇಳುವರಿ ಇಳಿಯುತ್ತದೆ. 25 ಡಿಗ್ರಿ ಮೀರಿದ ಒಂದೊಂದು ಡಿಗ್ರಿಗೂ ನೂರಕ್ಕೆ ಸುಮಾರು 0.4ರಷ್ಟು ನಷ್ಟ. ಧೂಳು ಕುಳಿತರೆ ಇನ್ನಷ್ಟು. ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸುವುದು ಮಗನ ಕಾಯಕವಾಯಿತು. ಇನ್ನೊಂದು ತಕರಾರೂ ಇತ್ತು. ಫಲಕಕ್ಕೆ ಬಿಸಿಲು ಬೇಕು, ಒಳಗಿರುವವರಿಗೆ ನೆರಳು ಬೇಕು. ಬಾಗೇವಾಡಿಯಲ್ಲಿ ತಾಯಿಯವರು ಬೇವಿನ ಮರ ತೋರಿಸಿದರೆ ಮಗ ಬಯಲು ತೋರಿಸಿದ. ಕೊನೆಗೆ ವಾಹನ ಬಿಸಿಲಿಗೆ, ನಾವೆಲ್ಲ ಮರದಡಿಗೆ. ಕೂಡಲಸಂಗಮದಲ್ಲಿ ಹಿನ್ನೀರಿನ ನಡುವೆ ಕಟ್ಟಿದ ಬಾವಿಯಂಥ ಆವರಣದ ಮೆಟ್ಟಿಲಿಳಿದು ಐಕ್ಯಮಂಟಪದ ಮುಂದೆ ತಾಯಿಯವರು ಬಹಳ ಹೊತ್ತು ಕಣ್ಮುಚ್ಚಿ ಕುಳಿತರು. ಮೇಲೆ ಬಂದಾಗ ಬ್ಯಾಟರಿ ತುಂಬಿ ತುಳುಕುತ್ತಿತ್ತು. ನಮಗೆ ಗರ್ವವೂ ಬಂದಿತ್ತೆನ್ನಬೇಕು. ಒಂದೂಕಾಲು ಯೂನಿಟ್ಟು ಸಾಕೆಂಬ ಮಾತು ಗೆದ್ದಿತೆಂದುಕೊಂಡೆವು.

ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯೊಳಗಿನ ಗಂಗಾಂಬಿಕೆಯವರ ಐಕ್ಯಸ್ಥಳವನ್ನು ದರ್ಶಿಸಿ, ಕಿತ್ತೂರು, ಅಳ್ನಾವರ, ಹಳಿಯಾಳಗಳ ಮೇಲೆ ದಾಂಡೇಲಿಗೆ ಬಂದೆವು. ಅಲ್ಲಿಂದ ಮುಂದೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಾಡಿನ ದಾರಿಯಲ್ಲಿ ರಾತ್ರಿ ತಂಗಬಾರದೆಂದು ಹಗಲಿರುವಾಗಲೇ ಜೋಯಿಡಾ ದಾಟಿ ಉಳವಿ ಸೇರಿದೆವು. ಜಾತ್ರೆಯ ಸಂಭ್ರಮ ಆಗಲೇ ತುಂಬಿತ್ತು. ಧಾರವಾಡ, ಬೆಳಗಾವಿ ಸೀಮೆಗಳಿಂದ ಚಕ್ಕಡಿ ಕಟ್ಟಿಕೊಂಡು ಬರುವ ಪದ್ಧತಿ ಇಂದಿಗೂ ಉಳಿದಿದೆ. ಕೊರಳಗೆಜ್ಜೆಯ ಎತ್ತುಗಳು, ಚಕ್ಕಡಿಯ ಕೆಳಗೆ ಹಾಸಿದ ಕಂಬಳಿಗಳು, ಮೂರು ಕಲ್ಲಿನ ಒಲೆಗಳು, ಮೇವಿನ ಹೊರೆಗಳು. ಅವುಗಳ ನಡುವೆ ಎತ್ತರದ ಮರಗಳ ಬುಡದಲ್ಲಿ ನಮಗೂ ಜಾಗ ಸಿಕ್ಕಿತು. ಪಕ್ಕದ ಚಕ್ಕಡಿಯ ಹಿರಿಯರೊಬ್ಬರು ನಮ್ಮ ವಾಹನವನ್ನು ಒಂದು ಸುತ್ತು ಹಾಕಿ ನೋಡಿ, ಮೇಲಿನ ಫಲಕಗಳ ಸಂಗತಿ ಕೇಳಿ ತಿಳಿದು, "ಅಲ್ರೀ, ಇದಕ್ಕ ಎಷ್ಟ್ ದಿನದ ಮೇವು ಐತಿ?" ಎಂದರು. ಅವರು ತಮ್ಮ ಎತ್ತುಗಳಿಗೆ ಹೋಗಿಬರುವ ದಾರಿಯ ಜೊತೆಗೆ ಎರಡು ದಿನದ ಮೇವನ್ನು ಹೆಚ್ಚಿಗೆ ಹೇರಿಕೊಂಡು ಬಂದಿದ್ದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮಗ ಬರೆದಿದ್ದ ಚೀಟಿಯಲ್ಲಿ ಖರ್ಚಿನ ಲೆಕ್ಕವಿತ್ತು, ಬಿಸಿಲಿಲ್ಲದ ದಿನದ ಲೆಕ್ಕವಿರಲಿಲ್ಲ.

ಮರುದಿನ ಹನ್ನೊಂದರವರೆಗೂ ಫಲಕದ ಮೇಲೆ ಬಿಸಿಲು ಬೀಳಲಿಲ್ಲ, ಎರಡಕ್ಕೆ ಮತ್ತೆ ನೆರಳು. ನಡುವೆಯೂ ಒಂದೇ ಕೊಂಬೆಯ ನೆರಳು ಒಂದು ಫಲಕದ ಮೇಲೆ ಬಿದ್ದರೆ ಇಳುವರಿ ಅರ್ಧಕ್ಕಿಂತ ಕೆಳಗೆ ಕುಸಿಯುತ್ತಿತ್ತು. ಎರಡನ್ನೂ ಒಂದರ ಹಿಂದೊಂದರಂತೆ ಸರಣಿಯಾಗಿ ಜೋಡಿಸಿದ್ದರಿಂದ, ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಕುಂಟಿದರೆ ಇನ್ನೊಂದೂ ನಿಧಾನಿಸುವಂತೆ ಆಗುತ್ತಿತ್ತು. ಮಗ ಫಲಕಗಳ ಮೇಲೆ ಕಂಬಳಿ ಮುಚ್ಚಿ, ಸ್ವಿಚ್ಚು ತೆಗೆದು, ಕವಲು ಜೋಡಣೆಯಿಂದ ಎರಡನ್ನೂ ಸಮಾಂತರವಾಗಿ ಕೂಡಿಸಿದ. ಬಳಿಕ ಒಂದು ನೆರಳಿಗೆ ಬಿದ್ದರೂ ಇನ್ನೊಂದು ತನ್ನ ಪಾಲನ್ನು ಕೊಡುತ್ತಿತ್ತು. ಅಷ್ಟಾದರೂ ದಿನದ ಗಳಿಕೆ 300 ವ್ಯಾಟ್-ಗಂಟೆ ಮುಟ್ಟಿತಷ್ಟೇ.

ಸಂಜೆ ಅದೇ ಹಿರಿಯರು ಮೊಮ್ಮಗನ ಕೈಯಲ್ಲಿ ಫೋನೊಂದನ್ನು ಕಳುಹಿಸಿದರು. "ಯವ್ವಾ, ಸ್ವಲ್ಪ ಚಾರ್ಜಿಗೆ ಹಚ್ಚಿಕೊಡ್ತೀರೇನ್ರಿ?" ತಾಯಿಯವರು ಹೂಂ ಎಂದರು. ಸುದ್ದಿ ಹರಡಿತು. ರಾತ್ರಿಯ ವೇಳೆಗೆ ಹನ್ನೆರಡು ಫೋನುಗಳು ಅಡುಗೆಕಟ್ಟೆಯ ಮೇಲೆ ಸಾಲಾಗಿ ಕುಳಿತವು. ಒಂದಕ್ಕೆ 15 ವ್ಯಾಟ್-ಗಂಟೆ ಹಿಡಿದರೂ 180. ಎರಡನೆಯ ಸಂಜೆಯೂ ಹಾಗೆಯೇ. ಆಗ ಬ್ಯಾಟರಿಯಲ್ಲಿ ಉಳಿದಿದ್ದುದು ನೂರಕ್ಕೆ ಮೂವತ್ತು. ಇನ್ನು ಯಾರಿಗೂ ಇಲ್ಲವೆಂದು ಹೇಳೋಣವೆಂದೆವು. ಎಂಜಿನ್ ಓಡಿಸಿದರೆ ಬ್ಯಾಟರಿಗೆ ಚಾರ್ಜ್ ಸಿಗುತ್ತಿತ್ತು, ನಿಜ. ಆದರೆ ಮಲಗಿರುವ ಜನ, ಕಟ್ಟಿದ ಎತ್ತುಗಳ ಮಧ್ಯೆ ಅದರ ಗದ್ದಲ, ಹೊಗೆ ಹೇಗೆ?

ತಾಯಿಯವರು ಸಿಟ್ಟಾಗಲಿಲ್ಲ. "ಮನಿಗೆ ಫೋನ್ ಮಾಡಿ ಮುಟ್ಟಿದಿವಿ ಅಂತ ಹೇಳೂದ್ ಬ್ಯಾಡೇನು ಅವರು? ಫ್ರಿಜ್ ಬಂದ್ ಮಾಡ್ರಿ" ಎಂದರು. ದಿನದ ಬಳಕೆಗೆ ತೆರೆದ ಪೆನ್ನು 30 ಡಿಗ್ರಿಯೊಳಗೆ ಕೆಲವು ವಾರ ಹೊರಗಿರಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ಚಿಂತೆ ಉಳಿದ ಪೆನ್ನುಗಳದು. ಹತ್ತು ಗಂಟೆಗೆ ಫ್ರಿಜ್ಜನ್ನು ಆರಿಸಿ, ಒಳಗೆ ತಂಪಾದ ನೀರಿನ ಬಾಟಲಿಗಳ ನಡುವೆ ಪೆನ್ನಿನ ಡಬ್ಬಿಯಿಟ್ಟು, ಮೇಲೆ ಎರಡು ಕಂಬಳಿ ಹೊದಿಸಿದೆವು. ಕಾಡಿನ ಚಳಿ ನಮ್ಮ ಪಾಲಿಗಿತ್ತು. ಫ್ಯಾನೂ ಬೇಡವಾಗಿತ್ತು. ಆದರೂ ನಿದ್ದೆ ಬರಲಿಲ್ಲ. ಬೆಳದಿಂಗಳಲ್ಲಿ ಎತ್ತುಗಳ ಗೆಜ್ಜೆಯ ಸದ್ದು ಕೇಳುತ್ತ ಆಗಾಗ ಎದ್ದು ಉಷ್ಣಮಾಪಕ ನೋಡಿದೆವು. ಮಲಗುವಾಗ 4 ಇದ್ದದ್ದು ಎರಡಕ್ಕೆ 6, ನಸುಕಿನ ಐದಕ್ಕೆ 7. ತಾಯಿಯವರು ಒಂದು ಸಣ್ಣ ದೀಪದ ಬೆಳಕಿನಲ್ಲಿ ಲಿಂಗಪೂಜೆಗೆ ಕುಳಿತಾಗ ಬ್ಯಾಟರಿ ನೂರಕ್ಕೆ ಹದಿನೈದು ತೋರಿಸುತ್ತಿತ್ತು. ಫ್ರಿಜ್ಜನ್ನು ಮತ್ತೆ ಹಚ್ಚಿದೆವು.

ಆ ದಿನ ಅಕ್ಕ ನಾಗಮ್ಮನ ಗವಿ, ಮಹಾಮನೆ ಗವಿಗಳ ದಾರಿಯಲ್ಲಿ ತಾಯಿಯವರಿಗೆ ಸಾಧ್ಯವಾದಷ್ಟು ನಡೆದೆವು. ಕಡಿದಾದ ಕಡೆ ಚಕ್ಕಡಿಯ ಹುಡುಗರಿಬ್ಬರು ಅವರ ಕೈಹಿಡಿದು ಕರೆದೊಯ್ದರು. ಚೆನ್ನಬಸವಣ್ಣನವರ ಸಮಾಧಿಯ ಮುಂದೆ ನಿಂತಾಗ ತಾಯಿಯವರು ಏನನ್ನೂ ಬೇಡಲಿಲ್ಲವಂತೆ. ಕಲ್ಯಾಣದಿಂದ ಬಂದೆನೆಂದು ಹೇಳಿದರಂತೆ, ಅಷ್ಟೇ.

ಹೊರಡುವಾಗ ಹಿರಿಯರು ಖಡಕ್ ರೊಟ್ಟಿಯ ಒಂದು ಗಂಟನ್ನೂ ಶೇಂಗಾ ಹಿಂಡಿಯನ್ನೂ ತಂದು ಅಡುಗೆಕಟ್ಟೆಯ ಮೇಲಿಟ್ಟರು. ಎಂಜಿನ್ ಹಚ್ಚಿದೊಡನೆ ಬ್ಯಾಟರಿಯ ಮುಳ್ಳು ಏರತೊಡಗಿತು. ಮಗ ಚೀಟಿಯ ಕೊನೆಗೆ ಪೆನ್ಸಿಲಿನಿಂದ ಒಂದು ಸಾಲು ಸೇರಿಸಿದ: ನೆರಳಿನ ಎರಡು ದಿನ, ನೆರೆಯವರ ಫೋನು 24, ಇನ್ನೊಂದು ಬ್ಯಾಟರಿ. ಹಳಿಯಾಳದ ಬಯಲು ಬಿಸಿಲಿಗೆ ಬರುವಷ್ಟರಲ್ಲಿ ಫ್ರಿಜ್ಜಿನ ಉಷ್ಣಮಾಪಕ ಮತ್ತೆ 4ಕ್ಕೆ ಇಳಿದಿತ್ತು. ತಾಯಿಯವರು ಹಿಂದಿನ ಮಂಚದ ಮೇಲೆ ನಿದ್ದೆ ಹೋಗಿದ್ದರು.