ಕಿಡಿಯ ಗಳಿಗೆ

ಸಾಂಗಲಿಗೆ ಅನತಿದೂರದ ಹರಿಪುರದಲ್ಲಿ ಕೃಷ್ಣೆ ಮತ್ತು ವಾರಣಾ ನದಿಗಳು ಕೂಡುತ್ತವೆ. ಸಂಗಮದ ದಂಡೆಯ ಮೇಲೆ ಸಂಗಮೇಶ್ವರನ ಗುಡಿಯಿದೆ. ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ಕಾಪಿಡುವುದಕ್ಕೆ ಈ ಊರು ಹೆಸರಾಗಿತ್ತು. 2005ರ ಮಹಾಪೂರದ ನೀರು ಆ ಹಗೇವುಗಳಿಗೂ ನುಗ್ಗಿತು. 2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೊಮ್ಮೆ ಊರೊಳಗೆ ಬಂದಿತು. ಆ ಸಲ ಮುಳುಗಿದವುಗಳಲ್ಲಿ ನಿವೃತ್ತ ಕನ್ನಡ ಶಾಲಾ ಮಾಸ್ತರರೊಬ್ಬರ ಅಂಬಾಸಿಡರ್ ಕಾರೂ ಒಂದು.

ಕಾರು ಅವರ ತಂದೆ ಕೊಂಡದ್ದು. ನೀರಿಳಿದ ಮೇಲೆ ನೋಡಿದರೆ ಸಿಲಿಂಡರುಗಳಲ್ಲಿ ರಾಡಿ ತುಂಬಿ ಪಿಸ್ಟನ್‌ಗಳು ತುಕ್ಕಿನಿಂದ ಕಚ್ಚಿಕೊಂಡಿದ್ದವು. ಮಕ್ಕಳು ಗುಜರಿಗೆ ಹಾಕಿರೆಂದರು. ಮಾಸ್ತರರು ಒಪ್ಪಲಿಲ್ಲ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲೇ ಅಂಬಾಸಿಡರ್ ತಯಾರಿಕೆ ನಿಂತಿತ್ತು. ಹೊಸ ಎಂಜಿನ್ನಿನ ಮಾತು ದೂರವೇ ಉಳಿಯಿತು. ಬಹುಕಾಲ ಹುಡುಕಿದ ಮೇಲೆ ಒಡೆಯಲಿಟ್ಟಿದ್ದ ಇನ್ನೊಂದು ಅಂಬಾಸಿಡರಿನಿಂದ ಅದೇ 1489 ಸಿಸಿಯ ಎಂಜಿನ್ ದೊರೆಯಿತು. ಪಿಂಚಣಿಯ ಉಳಿತಾಯ ಅದಕ್ಕೆ ಹೋಯಿತು. ಇದೂ ಕೆಟ್ಟರೆ ಮೂರನೆಯದಕ್ಕೆ ದುಡ್ಡೂ ಇರಲಿಲ್ಲ, ಹುಡುಕುವ ಶಕ್ತಿಯೂ ಇರಲಿಲ್ಲ.

ಎಂಜಿನ್ ಕೂರಿಸಿದವರು ಚಿಕ್ಕೋಡಿ ಕಡೆಯಿಂದ ಬಂದು ಸಾಂಗಲಿಯಲ್ಲಿ ನೆಲೆನಿಂತ ವೃದ್ಧ ಮಿಸ್ತ್ರಿ. ಅವರು ಟೈಮಿಂಗ್ ಕೂಡಿಸುತ್ತಿದ್ದುದು ಕಿವಿಯಿಂದ. ಎಂಜಿನ್ ಓಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ನಾದ ಹದಕ್ಕೆ ಬಂದೊಡನೆ ಬೋಲ್ಟ್ ಬಿಗಿಯುತ್ತಿದ್ದರು. "ಮಿರಜದಾಗ ತಂಬೂರಿ ಜವಾರಿ ತಗಿಯಾವ್ರು ಕುದುರಿ ಉಜ್ಜೂದು ಕಿವೀ ಮ್ಯಾಲೇ ಅಲ್ರಿ ಮಾಸ್ತರ? ಇದೂ ಹಂಗ," ಎನ್ನುತ್ತಿದ್ದರು. ಆ ಹೋಲಿಕೆಯಲ್ಲಿ ಹೆಮ್ಮೆಯಿತ್ತು. ಹೆಮ್ಮೆಗೆ ಕಾರಣವೂ ಇತ್ತು.

ಸಿಲಿಂಡರಿನೊಳಗೆ ಕಿಡಿ ಹೊತ್ತಿದೊಡನೆ ಅನಿಲವೆಲ್ಲ ಒಮ್ಮೆಲೇ ಉರಿದುಬಿಡುವುದಿಲ್ಲ. ಉರಿ ಹಬ್ಬಲು ಒಂದಿಷ್ಟು ಕಾಲ ಬೇಕು. ಆದ್ದರಿಂದ ಪಿಸ್ಟನ್ ತುತ್ತತುದಿಗೆ ಏರುವ ಮುನ್ನವೇ ಕಿಡಿ ಹಾರಬೇಕು. ಹಾಗೆ ಹಾರಿದರೆ ಒತ್ತಡ ಪೂರ್ಣವಾಗುವ ವೇಳೆಗೆ ಪಿಸ್ಟನ್ ತುದಿ ದಾಟಿ ಇಳಿಯತೊಡಗಿರುತ್ತದೆ. ಕಿಡಿ ತಡವಾದರೆ ಬಲ ಸೋರಿ ಶಾಖವಾಗಿ ಹೊಗೆಕೊಳವೆಯ ಪಾಲಾಗುತ್ತದೆ. ತೀರ ಬೇಗನಾದರೆ ಏರುತ್ತಿರುವ ಪಿಸ್ಟನ್ನಿನ ತಲೆಗೇ ಪೆಟ್ಟು ಬೀಳುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಕ್ರ್ಯಾಂಕಿನ ಒಂದು ಡಿಗ್ರಿಗೆ ಹಿಡಿಯುವ ಕಾಲ ಸೆಕೆಂಡಿನ 18000ದಲ್ಲಿ ಒಂದು ಭಾಗ. ಲಘು ಗುರುಗಳನ್ನು ಕಲಿಸುತ್ತ ಬಾಳು ಸವೆಸಿದ ಮಾಸ್ತರರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಒಂದು ಮಾತ್ರೆ ಹೆಚ್ಚಿದರೆ ಸಾಲು ಹೇಗೆ ಕುಂಟುವುದೆಂಬುದು ಅವರಿಗೆ ಗೊತ್ತಿತ್ತು.

ಹೊಸದಾಗಿ ಬಂದ ಎಂಜಿನ್ ಕುಂಟುತ್ತಿತ್ತು. ಸ್ಟಾರ್ಟ್ ಮಾಡುವಾಗ ಹಿಂದಕ್ಕೆ ಒದೆಯುತ್ತಿತ್ತು. ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಸಾಗುವಾಗ ಆಕ್ಸಿಲರೇಟರ್ ಒತ್ತಿದರೆ ಒಳಗಿನಿಂದ ಸಣ್ಣಗೆ, ಕಂಚಿನ ತಟ್ಟೆಯ ಮೇಲೆ ಕಾಳು ಸುರಿದಂತೆ, ಸದ್ದು ಬರುತ್ತಿತ್ತು. ಮಿಸ್ತ್ರಿ ಮಾತ್ರ ತಲೆಯಾಡಿಸಿ, "ಛಲೋ ಕೂತೈತ್ರಿ," ಎಂದರು. ಮುಪ್ಪು ಕಿವಿಯಿಂದ ಮೊದಲು ಕದಿಯುವುದು ತಾರಕದ ಸ್ವರಗಳನ್ನು. ಎಂಜಿನ್ನಿನ ಗುಡುಗು ಅವರಿಗೆ ಕೇಳುತ್ತಿತ್ತು, ಆ ಸಣ್ಣ ಸದ್ದು ಕೇಳುತ್ತಿರಲಿಲ್ಲ. ಮಾಸ್ತರರಿಗೆ ಇದು ತಿಳಿಯಿತು, ಬಾಯಿ ಏಳಲಿಲ್ಲ. ಹೇಳಿದರೆ ಒಬ್ಬ ಕಸುಬುದಾರನ ಮಾನಕ್ಕೆ ಪೆಟ್ಟು, ಹೇಳದಿದ್ದರೆ ಪಿಸ್ಟನ್ನಿಗೆ.

ಎರಡು ದಿನ ಹೀಗೆಯೇ ಕಳೆಯಿತು. ಮೂರನೆಯ ದಿನ ಹಿಂದಿನ ಸೀಟಿನಲ್ಲಿದ್ದ ಮಾಸ್ತರರ ಮೊಮ್ಮಗಳು ನಡುದಾರಿಯಲ್ಲಿ ಹೇಳಿಬಿಟ್ಟಳು: "ಮಿಸ್ತ್ರಿ ಅಜ್ಜಾ, ಚಿಟಚಿಟ ಅನ್ನಾಕತ್ತೈತಿ. ನಿಮಗ ಕೇಳಸವಲ್ದೇನ್ರಿ?"

ಮಿಸ್ತ್ರಿ ಕಾರು ನಿಲ್ಲಿಸಿದರು. ಬಹಳ ಹೊತ್ತು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕುಳಿತರು. ಕೊನೆಗೆ, "ಇಲ್ಲವ್ವಾ, ಕೇಳಸವಲ್ದು," ಎಂದರು. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಿರಬೇಕು.

ಮರುದಿನ ಬೆಳಿಗ್ಗೆ ಅವರು ಹನ್ನೆರಡು ವೋಲ್ಟಿನ ಒಂದು ಸಣ್ಣ ಬಲ್ಬು, ಎರಡು ತುಂಡು ತಂತಿ ತಂದರು. ಆದರೆ ದೀಪ ಹಚ್ಚುವ ಮೊದಲು ಇನ್ನೊಂದು ಸಂದೇಹ ತೀರಬೇಕಿತ್ತು. ಕ್ರ್ಯಾಂಕಿನ ಪುಲ್ಲಿಯ ಮೇಲಿನ ಗೀರು ಕವರಿನ ಮುಳ್ಳಿಗೆ ಎದುರಾದಾಗ ಪಿಸ್ಟನ್ ತುದಿಯಲ್ಲಿದೆಯೆಂದು ಅರ್ಥ. ಬೇರೆ ಕಾರಿನಿಂದ ಬಂದ ಎಂಜಿನ್ನಿನಲ್ಲಿ ಪುಲ್ಲಿ ಒಂದರದು, ಕವರು ಮತ್ತೊಂದರದು ಆಗಿದ್ದರೆ? ಆಗ ಗುರುತೇ ಸುಳ್ಳು. ಅವರು ನಾಲ್ಕೂ ಪ್ಲಗ್ ಬಿಚ್ಚಿ, ಮೊದಲನೆಯ ಸಿಲಿಂಡರಿನ ರಂಧ್ರಕ್ಕೆ ಉದ್ದನೆಯ ಬೋಲ್ಟೊಂದನ್ನು ತಿರುಗಿಸಿದರು. ಕ್ರ್ಯಾಂಕನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ಪಿಸ್ಟನ್ ಬೋಲ್ಟಿಗೆ ತಾಗಿ ನಿಂತಲ್ಲಿ ಸೀಮೆಸುಣ್ಣದ ಗೆರೆ ಎಳೆದರು. ಹಿಮ್ಮುಖವಾಗಿ ತಿರುಗಿಸಿ ತಾಗಿದಲ್ಲಿ ಇನ್ನೊಂದು ಗೆರೆ ಎಳೆದರು. ಎರಡರ ನಟ್ಟನಡುವೆ ನಿಜವಾದ ತುದಿ. ಹಳೆಯ ಗೀರು ಅಲ್ಲಿಂದ ಅರ್ಧ ಬೆರಳಗಲ ದೂರದಲ್ಲಿತ್ತು.

ಮಾಸ್ತರರಿಗೆ ಗ್ರಂಥಸಂಪಾದನೆಯ ಪಾಠ ನೆನಪಾಯಿತು. ಪ್ರತಿಕಾರನ ಕೈತಪ್ಪು ಪ್ರತಿಯಿಂದ ಪ್ರತಿಗೆ ಇಳಿದುಬರುತ್ತದೆ. ಮೂಲಕ್ಕೆ ಹೋಗಿ ಮುಟ್ಟಿ ನೋಡದ ಹೊರತು ಶುದ್ಧಪಾಠ ಸಿಕ್ಕದು.

ಪುಲ್ಲಿಯ ಸುತ್ತ ಕಾಗದದ ಪಟ್ಟಿ ಸುತ್ತಿ, ಅದರ ಉದ್ದವನ್ನು 360ರಿಂದ ಭಾಗಿಸಿ, ಮೊಮ್ಮಗಳು ಡಿಗ್ರಿಯ ಅಳತೆ ತೆಗೆದುಕೊಟ್ಟಳು. ಮಿಸ್ತ್ರಿ ಮೊದಲು ಪಾಯಿಂಟಿನ ಸಂದನ್ನು 0.4 ಮಿಲಿಮೀಟರಿಗೆ ಸರಿಪಡಿಸಿದರು. ಸಂದು ಬದಲಾದರೆ ಟೈಮಿಂಗೂ ಬದಲಾಗುವುದರಿಂದ ಈ ಕ್ರಮ ತಪ್ಪಬಾರದು. ಬಳಿಕ ಮೊದಲನೆಯ ಸಿಲಿಂಡರಿನ ರಂಧ್ರಕ್ಕೆ ಹೆಬ್ಬೆರಳಿಟ್ಟು ಗಾಳಿ ಒತ್ತುವುದನ್ನು ಖಚಿತಪಡಿಸಿಕೊಂಡು, ತುದಿಗಿಂತ ಕೈಪಿಡಿ ಹೇಳಿದಷ್ಟು ಡಿಗ್ರಿ ಮೊದಲು ಕ್ರ್ಯಾಂಕನ್ನು ನಿಲ್ಲಿಸಿದರು. ಬಲ್ಬಿನ ಒಂದು ತಂತಿ ಡಿಸ್ಟ್ರಿಬ್ಯೂಟರಿಗೆ, ಇನ್ನೊಂದು ಎಂಜಿನ್ನಿನ ಲೋಹಕ್ಕೆ. ಇಗ್ನಿಷನ್ ಹಾಕಿ ಡಿಸ್ಟ್ರಿಬ್ಯೂಟರನ್ನು ನವಿರಾಗಿ ತಿರುಗಿಸಿದಾಗ ಪಾಯಿಂಟ್ ಬಿಚ್ಚಿದ ಕ್ಷಣಕ್ಕೆ ದೀಪ ಹೊತ್ತಿತು. ಕಿಡಿ ಹಾರುವ ಗಳಿಗೆಯೂ ಅದೇ. ಅಲ್ಲಿಯೇ ಬೋಲ್ಟ್ ಬಿಗಿದರು. ಅಷ್ಟೂ ಹೊತ್ತು ಅವರು ಒಮ್ಮೆಯೂ ಕಿವಿಗೊಟ್ಟು ಕೇಳಲಿಲ್ಲ.

ಆದರೂ ಎಂಜಿನ್ ಹಳೆಯದು, ಪೆಟ್ರೋಲು ಇಂದಿನದು. ಕೊನೆಯ ಪರೀಕ್ಷೆ ದಾರಿಯ ಮೇಲೆಯೇ ನಡೆಯಬೇಕು. ಸಾಂಗಲಿಯ ರಸ್ತೆಯಲ್ಲಿ ಮಿಸ್ತ್ರಿ ಕಾರು ನಡೆಸಿದರು. ಹುಡುಗಿ ಮುಂದಿನ ಸೀಟಿನಲ್ಲಿ ಕುಳಿತಳು. ಸದ್ದು ಕೇಳಿದರೆ ಬೆರಳೆತ್ತಬೇಕೆಂದು ಒಪ್ಪಂದ. ಮೊದಲ ಸಲ ಎತ್ತಿದಳು. ಇಳಿದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರು. ಎರಡನೆಯ ಸಲ ಬೆರಳು ಏಳಲಿಲ್ಲ. ಮಿಸ್ತ್ರಿ ರಸ್ತೆಯನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದರೆಂದು ಮಾಸ್ತರರು ಹಿಂದಿನಿಂದ ಎಚ್ಚರಿಸಬೇಕಾಯಿತು.

ಮರಳಿ ಬಂದ ಮೇಲೆ ಅವರು ಪುಲ್ಲಿಯ ನಿಜವಾದ ತುದಿಯಲ್ಲಿ ಗರಗಸದಿಂದ ಹೊಸ ಗೀರು ಹಾಕಿ ಬಿಳಿ ಬಣ್ಣ ತುಂಬಿದರು. ಹಳೆಯ ಗೀರನ್ನು ಅಳಿಸದೆ ಅದರ ಮೇಲೆ ಅಡ್ಡಗೆರೆಯೊಂದನ್ನು ಎಳೆದರು. ಯಾಕೆಂದು ಹುಡುಗಿ ಕೇಳಿದಳು.

"ನಾಳೆ ಬಿಚ್ಚಾವ್ನಿಗೆ ಎರಡೂ ಕಾಣಬೇಕವ್ವಾ," ಎಂದ ಮಿಸ್ತ್ರಿ, ಬಲ್ಬನ್ನೂ ತಂತಿಯನ್ನೂ ಸುತ್ತಿ ಅವಳ ಕೈಗಿತ್ತರು.